ಹಳೇ ಕೋರ್ಟಿನ ಹಿಂದಿನ ಹುತ್ತ

ಹೋದ ತಿಂಗಳು ನಮ್ಮ ಕಡೆಯ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸ್‌ಗೆ ಹೋಗಿದ್ದೆ. ಪುತ್ರಜಯಾದ ನಮ್ಮ ಮನೆ ಹತ್ತಿರದ ಸೂಪರ್ ಮಾರ್ಕೆಟ್‌ನಲ್ಲಿ ಎಲ್ಲಾ ಸಿಗುತ್ತೆ ಅಂತ ಹೆಸರು. ಒಂದು ಹಿಡಿ ಒಳ್ಳೇ ಕರಿಬೇವು ಬೇಕು ಅಂದರೆ ಮಾತ್ರ ಇಲ್ಲ. ಅದಕ್ಕೇ ಆಗಾಗ ಚೀಲ ಹಿಡಿದು ಅಲ್ಲಿಗೆ ಹೊರಡುತ್ತೇನೆ. ಅಂಗಡಿಯಾಕೆ ಆವತ್ತು ಸಾಂಬ್ರಾಣಿ ಮೂಟೆ ಬಿಚ್ಚಿಕೊಂಡು ಕೂತಿದ್ದಳು. ಈಗಿನ ಕಡ್ಡಿ, ಕಪ್ ಅಂತೆಲ್ಲ ಬರುತ್ತಲ್ಲ, ಅದಲ್ಲ. ಕೆಂಡದ ಮೇಲೆ ಉದುರಿಸುವ ಗಡ್ಡೆ ಸಾಂಬ್ರಾಣಿ. ಒಂದು ಚೂರು ಎತ್ತಿ ಮೂಗಿನ ಹತ್ತಿರ ಹಿಡಿದೆ... ಅಷ್ಟೇ. ಕರಿಬೇವೂ ಮರೆತುಹೋಯಿತು, ನುಗ್ಗೇಕಾಯಿಯೂ ಮರೆತುಹೋಯಿತು.

ಸಾಂಬ್ರಾಣಿ ಅಂದರೆ ನಮ್ಮವರಿಗೆಲ್ಲ ಎಣ್ಣೆಸ್ನಾನ ನೆನಪಾಗಬೇಕು, ಬಾಣಂತಿ ಕೋಣೆ ನೆನಪಾಗಬೇಕು. ನನಗೆ ಮಾತ್ರ ಒಂದು ಕೋರ್ಟು ನೆನಪಾಗುತ್ತೆ. ಅದೂ ಮುಚ್ಚಿಹೋಗಿದ್ದ ಕೋರ್ಟು. ಅದರ ಹಿಂದಿನ ಮರ, ಮರದ ಬುಡದ ಹುತ್ತ, ಹುತ್ತದ ಪಕ್ಕ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ ನಮ್ಮ ಅಂಕಲ್. ಯಾರಿಗಾದರೂ ಹೇಳಿದರೆ ಇವಳ ಮೇಲೆ ಏನೋ ಕೇಸು ನಡೆದಿತ್ತು ಅಂದುಕೊಂಡಾರು!

ನಾವಾಗ ಮೆಲಾಕಾದಿಂದ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿನಲ್ಲಿದ್ದೆವು. ನಮ್ಮ ಯಜಮಾನರು ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಮೇಷ್ಟ್ರು. ಮೈಸೂರಿನಿಂದ ಹೊಸದಾಗಿ ಬಂದಿದ್ದ ನನಗೆ ಆ ಊರಿನಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಮಗಳು ಶಾಲೆಗೆ, ಇವರು ಕಾಲೇಜಿಗೆ, ನಾನು ಕಿಟಕಿಗೆ. ಕಿಟಕಿಯಿಂದ ಕಾಣುತ್ತಿದ್ದದ್ದು ಹಳೇ ಕೋರ್ಟಿನ ಹಿಂಭಾಗ. ಹೆಂಚಿನ ಮಾಡು, ಉದ್ದ ವರಾಂಡ, ಹಲಗೆ ಕಳಚಿದ ಕಿಟಕಿಗಳು. ಹೊಸ ಕೋರ್ಟು ಹೆದ್ದಾರಿ ಪಕ್ಕಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. ಗೇಟಿಗೆ ಬೀಗ ಇತ್ತು, ಆದರೆ ಬೇಲಿ ಇರಲಿಲ್ಲ. ಹಾಗಾಗಿ ಬೀಗ ತನ್ನ ಪಾಡಿಗೆ ತಾನು ಇತ್ತು, ಜನ ತಮ್ಮ ಪಾಡಿಗೆ ತಾವು ಪಕ್ಕದಿಂದ ಓಡಾಡುತ್ತಿದ್ದರು.

ನಾವು ಆ ಊರಿಗೆ ಹೋದ ಕೆಲವೇ ತಿಂಗಳಿಗೆ ನಾಗರ ಪಂಚಮಿ ಬಂತು. ನಮ್ಮ ಮನೆಯಲ್ಲಿ ಹುತ್ತಕ್ಕೆ ಹಾಲೆರೆಯದೆ ನೀರು ಕೂಡ ಮುಟ್ಟುತ್ತಿರಲಿಲ್ಲ. ಪರದೇಶದಲ್ಲಿ ಹುತ್ತ ಎಲ್ಲಿಂದ ತರಲಿ? ಇವರು, “ಬೆಳ್ಳಿ ನಾಗಪ್ಪ ಇದೆಯಲ್ಲ, ಸಿಂಕಿನ ಪಕ್ಕ ಇಟ್ಟು ಎರೆದುಬಿಡು” ಅಂದರು. ಅನಾಟಮಿಯವರ ಭಕ್ತಿ ಅಷ್ಟೇ. ಆಗಲೇ ನನಗೆ ಕೋರ್ಟಿನ ಹಿಂದಿನ ಮರದ ಬುಡದಲ್ಲಿ ಎದೆಯೆತ್ತರದ ಹುತ್ತ ಕಂಡದ್ದು ನೆನಪಾಯಿತು. ಅದಕ್ಕೆ ಯಾರೋ ಹಳದಿ ಬಟ್ಟೆ ಬೇರೆ ಸುತ್ತಿದ್ದರು. ಇನ್ನೇನು ಬೇಕು? ಪುಣ್ಯಾತ್ಗಿತ್ತಿ ಯಾರೋ ನಮ್ಮವಳೇ ಪೂಜೆ ಮಾಡಿದ್ದಾಳೆ ಅಂದುಕೊಂಡು, ರೇಷ್ಮೆ ಸೀರೆ ಉಟ್ಟು, ಚಿಗಳಿ ತಂಬಿಟ್ಟು ಕಟ್ಟಿ, ಒಂದು ಚೊಂಬು ಹಾಲು ಹಿಡಿದು ಹೊರಟೆ.

ಅರಿಶಿನ ಕುಂಕುಮ ಹಾಕಿದೆ. ಹತ್ತಿಯ ಗೆಜ್ಜೆವಸ್ತ್ರ ಏರಿಸಿದೆ. ಕಣ್ಣು ಮುಚ್ಚಿ ತವರಿನವರ ಹೆಸರೆಲ್ಲ ಹೇಳಿಕೊಂಡು ಹಾಲು ಸುರಿಯುತ್ತಿದ್ದೇನೆ, ಹಿಂದಿನಿಂದ ಒಂದು ದನಿ ಬಂತು ನೋಡಿ! ಎದೆ ಧಸಕ್ಕೆಂದಿತು. ಅಂಥ ದನಿಯನ್ನು ನಾನು ಅದಕ್ಕೆ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಮರದ ಮೇಲಿದ್ದ ಮೈನಾ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು.

“ಅಮ್ಮಾ, ನಿಲ್ಲಿಸೀ! ಅಜ್ಜನಿಗೆ ಬೆಳಿಗ್ಗೇನೇ ಸ್ನಾನ ಆಗಿದೆ!”

ತಿರುಗಿ ನೋಡಿದರೆ ತೆಳ್ಳಗೆ, ಉದ್ದಕ್ಕೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಮುದುಕರು, ಮುಂದೆ ನಮಗೆ ಅಂಕಲ್ ಆದವರು. ಮಾತು ತಮಿಳು. ನನ್ನ ತಾಯಿ ಕೋಲಾರದ ಕಡೆಯವರಾದ್ದರಿಂದ ನನಗೆ ತಮಿಳು ಅರ್ಥವಾಗುತ್ತಿತ್ತು. ಅವರ ಮಾತನ್ನೆಲ್ಲ ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರು ಹುತ್ತದ ಆ ಬದಿಗೆ ಕೈ ತೋರಿಸಿದರು. ಅಲ್ಲಿ ಹುಲ್ಲಿನ ಮರೆಯಲ್ಲಿ ಕೆಂಪು ಬಣ್ಣದ ಒಂದು ಪುಟ್ಟ ಮನೆ. ಮನೆಯೊಳಗೆ ಕರೀ ಟೋಪಿ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಕೂತ ಬಿಳೀ ಗಡ್ಡದ ಅಜ್ಜನ ಬೊಂಬೆ. ನನ್ನ ಹಾಲೆಲ್ಲ ಹುತ್ತದಿಂದ ಇಳಿದು ಅವರ ಮಡಿಲಲ್ಲಿ ನಿಂತಿತ್ತು. ಗಡ್ಡದ ತುದಿಗೆ ಒಂದು ಗೆಜ್ಜೆವಸ್ತ್ರ ಅಂಟಿಕೊಂಡಿತ್ತು.

ಅವರು ದಾತುಕ್ ಅಂತೆ. ಈ ನೆಲದ ಅಜ್ಜ. ಮಲಯ್ ಅಜ್ಜ, ಆದರೆ ಪೂಜೆ ಮಾಡುವವರು ಹೆಚ್ಚಾಗಿ ಚೀನೀಯರು, ನಡುವೆ ನಮ್ಮ ತಮಿಳರೂ ಉಂಟು. ಮರ, ಹುತ್ತ, ಬಂಡೆ ಇದ್ದಲ್ಲಿ ಅವರ ವಾಸ. ಎಲೆ ಅಡಿಕೆ, ಹೊಗೆಸೊಪ್ಪು, ಬಾಳೆಹಣ್ಣು ಕೊಡಬೇಕು, ಕೆಂಡಕ್ಕೆ ಸಾಂಬ್ರಾಣಿ ಹಾಕಬೇಕು. ಅಯ್ಯೋ ರಾಮ, ಬೇರೊಬ್ಬರ ಮನೆ ಹಿರಿಯರಿಗೆ ನಾನು ಹೇಳದೆ ಕೇಳದೆ ಹಾಲಿನ ಅಭಿಷೇಕ ಮಾಡಿದ್ದೆ! ನಾಚಿಕೆಯಿಂದ ಮುಖ ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಅಂಕಲ್ ಮಾತ್ರ ಕರವಸ್ತ್ರದಿಂದ ಅಜ್ಜನ ಗಡ್ಡ ಒರೆಸುತ್ತ, “ಹೋಗಲಿ ಬಿಡಿ, ಅವರಿಗೂ ಯಾರೋ ಹೊಸಬರು ಬಂದರಲ್ಲ ಅಂತ ಖುಷಿನೇ ಆಗಿರುತ್ತೆ” ಅಂದರು. ಆಮೇಲೆ ನನ್ನ ತಟ್ಟೆಯ ಕಡೆ ನೋಡಿ, ಅದೇನು ಕಪ್ಪಗೆ ಉಂಡೆ ಅಂತ ಕೇಳಿದರು. ಎಳ್ಳು ಬೆಲ್ಲದ ಚಿಗಳಿ ಅಂದೆ. ಒಂದನ್ನು ವೀಳ್ಯದೆಲೆಯ ಮೇಲಿಟ್ಟು ಅಜ್ಜನ ಮುಂದಿಟ್ಟರು, ಒಂದನ್ನು ಬಾಯಿಗೆ ಹಾಕಿಕೊಂಡರು.

ಹೀಗೆ ಶುರುವಾದದ್ದು ನಮ್ಮ ಸ್ನೇಹ.

ಅಂಕಲ್ ಆ ಕೋರ್ಟಿನಲ್ಲಿ ಹೆಸರು ಕೂಗುವವರಾಗಿದ್ದರು. ಕೇಸಿನವರು, ಸಾಕ್ಷಿಗಳು ಎಲ್ಲ ಮರದ ಕೆಳಗೆ ಕಾಯುತ್ತ ಕೂತಿರುತ್ತಾರಲ್ಲ, ವರಾಂಡದಲ್ಲಿ ನಿಂತು ಅವರನ್ನು ಒಳಗೆ ಕರೆಯುವುದು ಅವರ ಕೆಲಸ. ಇಷ್ಟೇನಾ ಅನ್ನಬೇಡಿ. ಆ ಊರಿನಲ್ಲಿ ಮಲಯ್, ಚೀನೀ, ತಮಿಳು, ಪಂಜಾಬಿ, ಪೋರ್ಚುಗೀಸ್ ಎಲ್ಲಾ ಹೆಸರೂ ಇತ್ತು. ಪ್ರತಿ ಹೆಸರನ್ನೂ ಆಯಾ ಮನೆಯಲ್ಲಿ ತಾಯಿ ಹೇಗೆ ಕರೆಯುತ್ತಾಳೋ ಹಾಗೇ ಕೂಗಬೇಕು ಅನ್ನುವುದು ಅವರ ಹಟ. “ಕೋರ್ಟಿಗೆ ಬಂದವರು ಮೊದಲೇ ನಡುಗ್ತಾ ಇರ್ತಾರೆ ಅಮ್ಮಾ. ಹೆಸರನ್ನೂ ಕೆಡಿಸಿ ಕರೆದರೆ ಇನ್ನೇನು ಉಳೀತು?” ಅನ್ನುತ್ತಿದ್ದರು.

ನಿವೃತ್ತಿಯಾದರೂ ಆ ಚಾಳಿ ಬಿಟ್ಟಿರಲಿಲ್ಲ. ನಮ್ಮ ಮನೆಗೆ ಬಂದರೆ ಬೆಲ್ ಒತ್ತುವವರಲ್ಲ. ಗೇಟಿನ ಹತ್ತಿರ ನೆಟ್ಟಗೆ ನಿಂತು ಈ ದೇಶದ ಪದ್ಧತಿಯಂತೆ ನನ್ನ ಹೆಸರು, ಜೊತೆಗೆ ಇಂಥವರ ಮಗಳು ಅಂತ ನನ್ನ ಅಪ್ಪನ ಹೆಸರು, ಎರಡನ್ನೂ ಮೂರು ಸಲ ಕೂಗುತ್ತಿದ್ದರು. ಇಡೀ ಬೀದಿಗೆ ಕೇಳುತ್ತಿತ್ತು. ಮಗಳು ಒಳಗಿಂದ, “ಅಮ್ಮಾ, ಅಂಕಲ್ ಈಸ್ ಕಾಲಿಂಗ್ ಲಾ!” ಅಂತ ಇಲ್ಲಿಯವರ ಹಾಗೇ ಲಾ ಸೇರಿಸಿ ಹೇಳುವಳು, ನನಗೆ ಕೇಳಿಸಿಲ್ಲವೇನೋ ಅನ್ನುವಂತೆ. ಮೊದಲ ಸಲ ಹಾಗೆ ಕೂಗಿದ ದಿನ ನಾನು ಬಾಗಿಲು ತೆಗೆಯಲು ಸ್ವಲ್ಪ ತಡ ಮಾಡಿದೆ. ಅಪ್ಪ ಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಅವರ ಹೆಸರನ್ನು ಅಷ್ಟು ಗಟ್ಟಿಯಾಗಿ, ಅಷ್ಟು ಸರಿಯಾಗಿ ಯಾರೂ ಕರೆದು ಎಷ್ಟು ಕಾಲವಾಗಿತ್ತೋ... ಕಣ್ಣೊರೆಸಿಕೊಂಡು ಹೊರಗೆ ಬಂದೆ. ಅಂಕಲ್ ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು ಹಿಡಿದು ನಿಂತಿದ್ದರು.

ಆ ಜಾಗದ ಕಥೆಯನ್ನು ಅವರು ನನಗೆ ಕಂತು ಕಂತಾಗಿ ಹೇಳಿದರು, ಪ್ರತಿ ಸಲವೂ ಸ್ವಲ್ಪ ಬೇರೆ ಥರ. ಮೊದಲು ಅಲ್ಲಿ ಕಾಡು ಮತ್ತು ಹುತ್ತ ಮಾತ್ರ ಇದ್ದದ್ದಂತೆ. ಆಮೇಲೆ ಯಾರೋ ಮೆಣಸಿನ ತೋಟ ಮಾಡಿದರಂತೆ. ಬ್ರಿಟಿಷರು ಬಂದು ಠಾಣೆ ಕಟ್ಟಿದರು, ಕುದುರೆ ಲಾಯ ಕಟ್ಟಿದರು, ಲಾಯ ತೆಗೆದು ಕೋರ್ಟು ಕಟ್ಟಲು ಹೊರಟರು. ಪಾಯ ತೋಡಿ ಹೋಗುವುದು, ಬೆಳಗಾದರೆ ಒಂದೇ ಮೂಲೆಯಲ್ಲಿ ಹುತ್ತ ಎದ್ದು ಕೂತಿರುವುದು. ಕೊನೆಗೆ ಚೀನೀ ಗಾರೆಯವನ ಕನಸಿನಲ್ಲಿ ಅಜ್ಜ ಬಂದು, ಇದು ನಾನು ಕೂರುವ ಜಾಗ, ನಿಮ್ಮದನ್ನು ಆ ಕಡೆ ಕಟ್ಟಿಕೊಳ್ಳಿ ಅಂದರಂತೆ. ದೊರೆ ಒಳ್ಳೆಯವನು, ಸರಿಸಿ ಕಟ್ಟಿಸಿದ. “ಅದಕ್ಕೇ ನೋಡಿ, ವರಾಂಡ ಸೊಟ್ಟಗಿದೆ” ಅಂತ ಅಂಕಲ್ ತೋರಿಸುತ್ತಿದ್ದರು. ನಾನು ಎಷ್ಟು ಸಲ ನೋಡಿದರೂ ಅದು ನೆಟ್ಟಗೇ ಕಾಣುತ್ತಿತ್ತು. ಹಾಗಂತ ಅವರ ಮುಂದೆ ಹೇಳಲು ನನಗೇನು ಹುಚ್ಚೇ?

ಜಪಾನಿನವರ ಕಾಲದಲ್ಲಿ ಅದು ಅಕ್ಕಿ ಗೋದಾಮಾಗಿತ್ತಂತೆ. ಆಗ ಊರಲ್ಲಿ ನ್ಯಾಯವೂ ಇರಲಿಲ್ಲ, ಅಕ್ಕಿಯೂ ಇರಲಿಲ್ಲ ಅಂತ ಅವರ ಅಪ್ಪ ಹೇಳುತ್ತಿದ್ದರಂತೆ. ಯುದ್ಧ ಮುಗಿದು ಮತ್ತೆ ಕೋರ್ಟಾಯಿತು. ಜಗಳದ ಎರಡು ಕಡೆಯವರೂ ಒಳಗೆ ಹೋಗುವ ಮುಂಚೆ ಹುತ್ತದ ಮುಂದೆ ನಿಲ್ಲುತ್ತಿದ್ದರಂತೆ. ಗೆದ್ದರೆ ಅರಿಶಿನದ ಅನ್ನ, ಕೋಳಿ ಸಾರು ಅಂತ ಇವನೂ ಹರಕೆ ಹೊರುವುದು, ಅವನೂ ಹರಕೆ ಹೊರುವುದು. ಹಾಗಾದರೆ ಅಜ್ಜ ಯಾರ ಕಡೆ ಅಂತ ನಾನು ಒಂದು ದಿನ ಚೇಷ್ಟೆಗೆ ಕೇಳಿದೆ. ಅಂಕಲ್ ನಗಲಿಲ್ಲ. ಅಜ್ಜ ಯಾವ ಕಡೆಗೂ ಸೇರಿದವರಲ್ಲ, ಒಳಗೆ ಹೋಗುವವರ ಕೈಕಾಲು ನಡುಗದಂತೆ ನೋಡಿಕೊಳ್ಳುತ್ತಾರೆ, ಅಷ್ಟು ಸಾಕಲ್ಲ ಅಂದರು.

ಕೋರ್ಟು ಮುಚ್ಚಿದ ಮೇಲೆ ಹರಕೆಯವರು ಬರುವುದು ನಿಂತಿತು. ದಿನಾ ಬೆಳಿಗ್ಗೆ ಗುಡಿಸಿ, ನೀರು ಚಿಮುಕಿಸಿ, ಎಲೆ ಅಡಿಕೆ ಇಟ್ಟು ಬರುತ್ತಿದ್ದವರು ಅಂಕಲ್ ಒಬ್ಬರೇ. ಅವರಿಗೂ ಮಂಡಿ ನೋವು. ಮಗಳು ಅಳಿಯ ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು, ಆದರೆ ಅವರಿಬ್ಬರೂ ಚರ್ಚಿಗೆ ಹೋಗುವವರು. ಅಜ್ಜನ ವಿಷಯ ಅವರಿಗೆ ಬೇಡ. “ನಾನಿರೋವರೆಗೆ ಸರಿ, ಆಮೇಲೆ ಯಾರು?” ಅಂತ ಅಂಕಲ್ ಆಗಾಗ ಅನ್ನುತ್ತಿದ್ದರು. ನಾನು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ.

ಹಾಗಿರುವಾಗ ಊರಿನ ಕೌನ್ಸಿಲ್‌ನವರು ಹಳೇ ಕೋರ್ಟನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಲು ತೀರ್ಮಾನಿಸಿದರು. ಗೆದ್ದಲು ತಿಂದ ಕಟ್ಟಡ, ಯಾರೂ ಬೇಡ ಅನ್ನಲಿಲ್ಲ. ಗುತ್ತಿಗೆ ಹಿಡಿದವರು ಒಬ್ಬ ಚೀನೀ ಯಜಮಾನರು. ಊರಲ್ಲಿ ಎಲ್ಲರೂ ಅವರನ್ನು ಟೌಕೆ ಅಂತಲೇ ಕರೆಯುತ್ತಿದ್ದರು, ಯಜಮಾನ ಅಂತಲೇ ಅರ್ಥ. ದಪ್ಪಗೆ, ಸದಾ ಬೆವರುತ್ತಿದ್ದ ಮನುಷ್ಯ. ಯಂತ್ರ ತಂದು ನಿಲ್ಲಿಸಿದರು. ಮುಂದಿನ ಗೋಡೆ ಬಿತ್ತು, ಆದರೆ ಹುತ್ತದ ಹತ್ತಿರ ಬಂದಾಗ ಕೆಲಸದವರೆಲ್ಲ ಯಂತ್ರ ಆಫ್ ಮಾಡಿ ಕೈ ಕಟ್ಟಿ ಕೂತುಬಿಟ್ಟರು. ದಾತುಕ್ ಜಾಗ ಮುಟ್ಟುವುದಿಲ್ಲ ಅಂದರೆ ಮುಟ್ಟುವುದಿಲ್ಲ. ಟೌಕೆ ಬೈದರು, ಪುಸಲಾಯಿಸಿದರು. ತಾವೇ ಯಂತ್ರ ಹತ್ತಬಹುದಿತ್ತಲ್ಲ? ಹತ್ತಲಿಲ್ಲ.

ಕೌನ್ಸಿಲ್‌ನವರ ಮಾತು ನ್ಯಾಯವಾಗಿಯೇ ಇತ್ತು. ಯಾರಾದರೂ ಹೊಣೆ ಹೊತ್ತು ನೋಡಿಕೊಳ್ಳುವುದಾದರೆ ಅಷ್ಟು ಜಾಗ ಬಿಡುತ್ತೇವೆ, ಅಂಥವರು ಇಲ್ಲದಿದ್ದರೆ ತೆಗೆಸಿ ಅಂದರು. ಅಂಕಲ್ ಹೊಣೆ ತಮ್ಮದು ಅಂದರೆ, ಅಲ್ಲಿದ್ದ ಅಧಿಕಾರಿ ಮೆತ್ತಗೆ, ನಿಮ್ಮ ನಂತರ ಯಾರು ಅಂತ ಕೇಳಿದರಂತೆ. ಅದೇ ಪ್ರಶ್ನೆ.

ತೆಗೆದರೆ ಎಲ್ಲಿಗೆ ಅಂತ ನನಗೆ ಗೊತ್ತಿರಲಿಲ್ಲ. ಅಂಕಲ್ ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ಊರಾಚೆ ಕಸದ ಲಾರಿಗಳು ಹೋಗುವ ದಾರಿಯಲ್ಲಿ ಒಂದು ದೊಡ್ಡ ಮರ, ಅದರ ಕೆಳಗೆ ಬೇಡವಾದ ದೇವರುಗಳು. ಮನೆ ಮಾರುವವರು, ಮತ ಬದಲಿಸಿದವರು, ಮುದುಕರು ಸತ್ತ ಮೇಲೆ ಪೂಜೆ ಮಾಡಲಾರದವರು, ಎಲ್ಲರೂ ತಂದು ಇಟ್ಟು ಹೋಗುತ್ತಾರಂತೆ. ಎಸೆಯಲು ಭಯ, ಇಟ್ಟುಕೊಳ್ಳಲು ಕಷ್ಟ. ಉದ್ದ ಗಡ್ಡದ ಚೀನೀ ದೇವರು, ಬಣ್ಣ ಹೋದ ಲಕ್ಷ್ಮಿ, ತಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಬುದ್ಧ. ಕೈ ಮುರಿದ ನಮ್ಮ ಗಣೇಶ ಕೂಡ ಅಲ್ಲೇ ಕೂತಿದ್ದ, ಮೋದಕ ಹಿಡಿದ ಕೈ ಮಾತ್ರ ನೆಟ್ಟಗಿತ್ತು. ಸೆರಗಿನಿಂದ ಅವನ ಮುಖ ಒರೆಸಿದೆ.

“ನಮ್ಮ ಅಜ್ಜ ಇಲ್ಲಿಗೆ ಬರಬಾರದು ಅಮ್ಮಾ” ಅಂದರು ಅಂಕಲ್. ಅಷ್ಟು ದೊಡ್ಡ ದನಿಯವರು ಅದನ್ನು ಎಷ್ಟು ಸಣ್ಣಗೆ ಹೇಳಿದರು ಅಂದರೆ, ನಾನು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು.

ಅವರು ಒಂದು ದಾರಿ ಹುಡುಕಿದರು. ಯಾರು ನೋಡಿಕೊಳ್ಳಬೇಕು ಅಂತ ಅಜ್ಜನನ್ನೇ ಕೇಳಿಬಿಡುವುದು. ಎರಡು ಹಳೇ ನಾಣ್ಯ, ಎರಡಕ್ಕೂ ಒಂದೊಂದು ಮುಖಕ್ಕೆ ಎಲೆ ಅಡಿಕೆಯ ಸುಣ್ಣ ಬಳಿಯುವುದು. ಎಸೆದಾಗ ಒಂದು ಬಿಳಿ, ಒಂದು ಬರಿದು ಬಿದ್ದರೆ ಒಪ್ಪಿಗೆ. ಎರಡೂ ಒಂದೇ ಥರ ಬಿದ್ದರೆ ಇಲ್ಲ. ಇದನ್ನು ನನಗೆ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. ನಮ್ಮಲ್ಲಿ ದೇವರ ಮುಂದೆ ನಿಂತು ಹೂ ಕೇಳುವುದಿಲ್ಲವೇ? ಬಲಗಡೆ ಬಿತ್ತು ಅಂತ ಮದುವೆಗಳೇ ನಿಶ್ಚಯವಾಗಿವೆ, ಬೀಳಲಿಲ್ಲ ಅಂತ ಮುರಿದೂ ಹೋಗಿವೆ.

ನಿಮ್ಮ ಹೆಸರೂ ಸೇರಿಸಲೇ ಅಂತ ಅಂಕಲ್ ಕೇಳಿದಾಗ ಮಾತ್ರ ನಾನು ಪೇಚಿಗೆ ಸಿಕ್ಕಿದೆ. ಇವರ ಕೆಲಸ ವರ್ಷ ವರ್ಷದ ಕರಾರಿನದು. ಇವತ್ತು ಇಲ್ಲಿ, ನಾಳೆ ಎಲ್ಲೋ. ಒಪ್ಪಿಕೊಂಡು ಬಿಟ್ಟು ಹೋದರೆ ಆ ಗಣೇಶನನ್ನು ತಂದಿಟ್ಟವರಿಗೂ ನನಗೂ ಏನು ವ್ಯತ್ಯಾಸ? ಹಾಗಂತ ಅಂಕಲ್ ಮುಖ ನೋಡಿ ಇಲ್ಲ ಅನ್ನುವುದಾದರೂ ಹೇಗೆ? ಸೇರಿಸಿ ಅಂದೆ. ಮನೆಗೆ ಬಂದು ಇವರಿಗೆ ಹೇಳಿದರೆ, “ಸರಿ ಹೋಯ್ತು, ಊರಿಗೆ ವಾಪಸ್ ಹೋಗುವಾಗ ಹುತ್ತಕ್ಕೂ ಒಂದು ಟಿಕೆಟ್ ಮಾಡ್ಸೋಣ” ಅಂದರು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಗುರುವಾರ ಅಜ್ಜನ ದಿನ. ಬಿಸಿಲು ಇಳಿಯುವ ಹೊತ್ತಿಗೆ ಮರದ ಕೆಳಗೆ ಜನ ಸೇರಿದರು. ಕಾಫಿ ಅಂಗಡಿಯ ಚೀನೀ ಅಜ್ಜಿ, ಮಾರಿಯಮ್ಮನ ಗುಡಿಯ ಕಮಿಟಿಯವರೊಬ್ಬರು, ನಾನು. ಒಂದು ಪಕ್ಕದಲ್ಲಿ ಟೌಕೆ, ಕೈಯಲ್ಲಿ ಹಣ್ಣಿನ ಬುಟ್ಟಿ. ಆವತ್ತು ಇತ್ಯರ್ಥವಾದರೆ ಮರುದಿನ ಕೆಲಸ ಶುರು ಮಾಡುವ ಅವಸರ ಅವರಿಗೆ. ಅಂಕಲ್ ಹಳೇ ಯೂನಿಫಾರ್ಮಿನ ಕರೀ ಪ್ಯಾಂಟು ಹಾಕಿಕೊಂಡು ಬಂದಿದ್ದರು. ಕೆಂಡಕ್ಕೆ ಸಾಂಬ್ರಾಣಿ ಬಿತ್ತು, ಹೊಗೆ ಎದ್ದಿತು. ಅಂಕಲ್ ಬಾಗಿ ಅಜ್ಜನಿಗೆ ಏನೋ ಹೇಳಿದರು. ಆಮೇಲೆ ಮಂಡಿ ಹಿಡಿದು ಎದ್ದು, ಅರ್ಧ ಬಿದ್ದಿದ್ದ ಕೋರ್ಟಿನ ವರಾಂಡಕ್ಕೆ ಹತ್ತಿ ನಿಂತರು. ಮೊದಲ ಹೆಸರು ಕೂಗಿದರು.

ಕಾಫಿ ಅಂಗಡಿ ಅಜ್ಜಿ ಬೆಚ್ಚಿ, ಎದ್ದು, ಹುತ್ತದ ಮುಂದೆ ಹೋಗಿ ನಿಂತಳು. ಅಂಕಲ್ ಇಳಿದು ಬಂದು ನಾಣ್ಯ ಎಸೆದರು. ಎರಡೂ ಬಿಳಿ. ಇಲ್ಲ. ಮತ್ತೆ ಮೆಟ್ಟಿಲು ಹತ್ತಿ ಗುಡಿ ಕಮಿಟಿಯವರ ಹೆಸರು ಕೂಗಿದರು. ಎರಡೂ ಬರಿದು. ಇಲ್ಲ. ಮೂರನೆಯದು ನನ್ನ ಹೆಸರು, ನನ್ನ ಅಪ್ಪನ ಹೆಸರು. ಆ ದೊಡ್ಡ ದನಿಯಲ್ಲಿ ಅದು ಆ ಮುರುಕು ಗೋಡೆಗಳಿಗೆಲ್ಲ ತಗಲಿ ಬಂತು. ಎದ್ದು ಹೋಗಿ ನಿಂತೆ. ಬೇಡಪ್ಪಾ, ನನ್ನ ಕೈಯಲ್ಲಿ ಆಗಲ್ಲ ಅಂತ ಒಳಗೊಳಗೇ ಅಜ್ಜನಿಗೆ ಕೈ ಮುಗಿದೆ. ನಾಣ್ಯ ಬಿತ್ತು. ಎರಡೂ ಬಿಳಿ. ಉಸ್ಸಪ್ಪಾ ಅಂತ ಉಸಿರು ಬಿಟ್ಟೆ. ಮರುಕ್ಷಣವೇ ಅನಿಸಿತು, ಅಂದರೆ ಅಜ್ಜನಿಗೆ ನಾನು ಬೇಡವೇ? ಅಷ್ಟು ಚಿಗಳಿ ತಿಂದು ಈಗ ನಾನು ಬೇಡವೇ? ನಗಬೇಡಿ, ನನಗೆ ನಿಜವಾಗಲೂ ಅವಮಾನವಾಯಿತು.

ಇನ್ನು ಯಾರೂ ಉಳಿದಿರಲಿಲ್ಲ. ಟೌಕೆ ನಿಟ್ಟುಸಿರು ಬಿಟ್ಟು ಬುಟ್ಟಿ ಕೆಳಗಿಟ್ಟರು, ಪಾಪ, ಅಜ್ಜನಿಗೆ ಕೊನೆಯ ಹಣ್ಣು ಕೊಟ್ಟುಬಿಡೋಣ ಅಂತ. ಆದರೆ ಅಂಕಲ್ ಮತ್ತೆ ವರಾಂಡ ಹತ್ತಿದ್ದರು. ಎದೆ ತುಂಬ ಉಸಿರೆಳೆದು ಕೂಗಿದರು. ಚೀನೀ ಹೆಸರು. ಮೂರು ಭಾಗದ ಹೆಸರು, ಏರಿಸಬೇಕಾದಲ್ಲಿ ಏರಿಸಿ, ಇಳಿಸಬೇಕಾದಲ್ಲಿ ಇಳಿಸಿ. ಟೌಕೆಯ ಮುಖ ನೋಡಬೇಕಿತ್ತು ನೀವು. ಅವರನ್ನು ಆ ಹೆಸರಿನಿಂದ ಯಾರೂ ಕರೆಯದೆ ಎಷ್ಟು ವರ್ಷವಾಗಿತ್ತೋ.

“ನಾನಾ? ನಾನು ಕೆಡವೋಕೆ ಬಂದವನು!” ಅಂದರು.

“ಹೆಸರು ಕರೆದಾಗ ಮೊದಲು ಬಂದು ನಿಲ್ಲಬೇಕು. ಹೇಳೋದೆಲ್ಲ ಆಮೇಲೆ” ಅಂದರು ಅಂಕಲ್, ಪಕ್ಕಾ ಕೋರ್ಟಿನ ದನಿಯಲ್ಲಿ.

ಟೌಕೆ ಬಂದು ನಿಂತರು. ಅವರ ಕಾಲು ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ನಾಣ್ಯ ಬಿತ್ತು. ಒಂದು ಬಿಳಿ, ಒಂದು ಬರಿದು. ಟೌಕೆ, ಇದು ಆಗಲ್ಲ, ಇನ್ನೊಂದು ಸಲ ಅಂದರು. ಅಂಕಲ್ ನಾಣ್ಯಗಳನ್ನು ಅವರ ಕೈಗೇ ಕೊಟ್ಟರು. ಟೌಕೆ ತಾವೇ ಎಸೆದರು. ಒಂದು ಬಿಳಿ, ಒಂದು ಬರಿದು. ಅವರು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಅವರ ಹೊಟ್ಟೆ ಕುಲುಕತೊಡಗಿತು. ಅಳುತ್ತಿದ್ದಾರೇನೋ ಅಂದುಕೊಂಡೆ, ನೋಡಿದರೆ ನಗುತ್ತಿದ್ದರು. ಆಮೇಲೆ ನಾವೆಲ್ಲರೂ ನಕ್ಕೆವು, ಅಂಕಲ್ ಒಬ್ಬರನ್ನು ಬಿಟ್ಟು. ಅವರು ಆ ಕಡೆ ತಿರುಗಿ ಕರವಸ್ತ್ರದಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

ಕೆಲವು ದಿನ ಬಿಟ್ಟು ನಾನು ಅವರನ್ನು ಕೆಣಕಿದೆ. ಅದು ಹೇಗೆ ಟೌಕೆ ಹೆಸರನ್ನೇ ಕೊನೆಗೆ ಇಟ್ಟುಕೊಂಡಿರಿ ಅಂತ. “ಅಜ್ಜನಿಗೆ ಹೆದರೋರು ಈ ಊರಲ್ಲಿ ಅವರೊಬ್ಬರೇ ಅಮ್ಮಾ. ನಾವೆಲ್ಲ ಸಲುಗೆ ಬೆಳೆಸಿಕೊಂಡುಬಿಟ್ಟಿದ್ದೀವಿ” ಅಂದರು. ನಾಣ್ಯದ ಬಗ್ಗೆಯೂ ಕೇಳಬೇಕು ಅನಿಸಿತು... ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು ಅಂತ ಈಗಲೂ ಅನಿಸುತ್ತೆ.

ಕೋರ್ಟು ಪೂರ್ತಿ ಬಿದ್ದ ದಿನ ಅಂಕಲ್ ಜೊತೆ ನಾನೂ ಹೋಗಿ ನಿಂತಿದ್ದೆ. ಅವರು ಬಿಕ್ಕಿ ಬಿಕ್ಕಿ ಅಳುತ್ತಾರೆ, ಸಮಾಧಾನ ಮಾಡಬೇಕಾಗುತ್ತೆ ಅಂತ ಫ್ಲಾಸ್ಕಿನಲ್ಲಿ ಟೀ ಬೇರೆ ಮಾಡಿಕೊಂಡು ಹೋಗಿದ್ದೆ. ಎಲ್ಲಿ! ಮಹಾಶಯರು ಪೊಟ್ಟಣ ಬಿಚ್ಚಿ ಬಾಳೆಹಣ್ಣಿನ ಬಜ್ಜಿ ತಿನ್ನುತ್ತ, ಯಂತ್ರದವನಿಗೆ ಆ ಕಡೆಯಿಂದ ಹೊಡಿ, ಈ ಕಡೆಯಿಂದ ಹೊಡಿ ಅಂತ ಸಲಹೆ ಕೊಡುತ್ತಿದ್ದರು. ವರಾಂಡ ಬೀಳುವಾಗ ಮಾತ್ರ ತಿನ್ನುವುದನ್ನು ನಿಲ್ಲಿಸಿದರು. ಧೂಳು ಇಳಿದ ಮೇಲೆ ನೋಡಿದರೆ ಬಯಲಿನ ನಡುವೆ ಮರ, ಹುತ್ತ, ಕೆಂಪು ಪುಟ್ಟ ಮನೆ ಎಲ್ಲ ಹಾಗೇ ಇದ್ದವು. ಟೌಕೆ ಅದರ ಸುತ್ತ ತಾವೇ ಮುಂದೆ ನಿಂತು ಇಟ್ಟಿಗೆ ಕಟ್ಟೆ ಕಟ್ಟಿಸುತ್ತಿದ್ದರು, ಇಟ್ಟಿಗೆ ಸಾಲು ನೆಟ್ಟಗಿಲ್ಲ ಅಂತ ಬೈಯುತ್ತ.

ಅದಾದ ಮೇಲೆ ಎರಡು ಮೂರು ವರ್ಷ ಚೆನ್ನಾಗಿ ಕಳೆಯಿತು. ಬೆಳಿಗ್ಗೆ ಟೌಕೆ ಗುಡಿಸುವುದು, ಅಂಕಲ್ ಸ್ಟೂಲಿನ ಮೇಲೆ ಕೂತು ಅಲ್ಲಿ ಬಿಟ್ಟಿರಿ, ಇಲ್ಲಿ ಬಿಟ್ಟಿರಿ ಅನ್ನುವುದು. ನಾನು ಹಬ್ಬಕ್ಕೆ ಮಾಡಿದ್ದನ್ನೆಲ್ಲ ಒಯ್ದು ಕೊಡುತ್ತಿದ್ದೆ. ಹಬ್ಬವಿಲ್ಲದಿದ್ದರೂ ಒಯ್ಯುತ್ತಿದ್ದೆ. ಆ ಕಟ್ಟೆಯ ಮೇಲೆ ನಾನು ಕೂತಷ್ಟು ನೆಮ್ಮದಿಯಾಗಿ ಈ ದೇಶದಲ್ಲಿ ಇನ್ನೆಲ್ಲೂ ಕೂತಿಲ್ಲ. ಆಮೇಲೆ ಇವರಿಗೆ ಪುತ್ರಜಯಾ ಕಡೆ ಕೆಲಸವಾಯಿತು, ನಾವು ಹೊರಟೆವು. ಹೊರಡುವ ದಿನ ಅಂಕಲ್ ಗೇಟಿನ ಹತ್ತಿರ ಬಂದು, ಆವತ್ತು ಕೂಗದೆ, ಬೆಲ್ ಒತ್ತಿದರು.

ಅಂಕಲ್ ತೀರಿಹೋದದ್ದು ನನಗೆ ಕೂಡಲೇ ಗೊತ್ತಾಗಲಿಲ್ಲ. ನಾನು ಆಗ ಮೈಸೂರಿನಲ್ಲಿ ತಮ್ಮನ ಮನೆ ಗೃಹಪ್ರವೇಶದಲ್ಲಿ ಹೋಳಿಗೆ ಬಡಿಸುತ್ತಿದ್ದೆ. ದೀಪಾವಳಿಗೆ ಫೋನ್ ಮಾಡಿದಾಗ ಅವರ ಮಗಳು ಎತ್ತಿದಳು. ನಿದ್ದೆಯಲ್ಲೇ ಹೋದರು, ಏನೂ ಸಂಕಟಪಡಲಿಲ್ಲ ಅಂದಳು. ತುಂಬ ಅತ್ತೆ. ಈಗಲೂ ಒಮ್ಮೊಮ್ಮೆ ಕಣ್ಣು ತುಂಬುತ್ತೆ, ಮುಚ್ಚಿಡುವುದೇನಿದೆ? ಆ ಊರಿಗೆ ಮತ್ತೆ ಹೋಗಲು ಮನಸ್ಸು ಬರಲಿಲ್ಲ. ಸ್ಟೂಲು ಖಾಲಿ ಇದ್ದರೆ ನೋಡಲಾರೆ, ಕಟ್ಟೆಯ ಮೇಲೆ ಕಸ ಬಿದ್ದಿದ್ದರೆ ಇನ್ನೂ ನೋಡಲಾರೆ ಅಂತ ಹೀಗೇ ಮುಂದೂಡುತ್ತ ಬಂದೆ.

ಆವತ್ತು ಬ್ರಿಕ್‌ಫೀಲ್ಡ್ಸ್‌ನಿಂದ ಬಂದವಳು ಇವರಿಗೆ, ನಡೀರಿ ಅಂದೆ. ಹೋದ ಗುರುವಾರ ಹೋಗಿಬಂದೆವು.

ಹಳೇ ಕೋರ್ಟಿನ ಜಾಗ ಅಂತ ಹೇಳಿದರೆ ಆ ಊರಿನ ಚಿಕ್ಕವರಿಗೆ ಈಗ ಅರ್ಥವಾಗುವುದಿಲ್ಲ, ಕಾರ್ ಪಾರ್ಕ್ ಅನ್ನಬೇಕು. ಸಾಲು ಸಾಲು ಕಾರು. ನಡುವೆ ಮರ, ಮೊದಲಿಗಿಂತ ಎತ್ತರವಾದ ಹುತ್ತ, ಹೊಸ ಬಣ್ಣ ಹೊಡೆದ ಪುಟ್ಟ ಮನೆ. ಒಂದು ತರಗೆಲೆ ಇರಲಿಲ್ಲ ಕಟ್ಟೆಯ ಮೇಲೆ. ಟೌಕೆ ಬಗ್ಗಿ ನಿಂತು, ಅಂಗಡಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದ ಕಪ್ಪು ಕಾಫಿಯನ್ನು ಲೋಟಕ್ಕೆ ಹೊಯ್ಯುತ್ತಿದ್ದರು. ತಲೆ ಪೂರಾ ಬೆಳ್ಳಗಾಗಿದೆ. ನನ್ನನ್ನು ನೋಡಿ ಗುರುತು ಹಿಡಿದು, ಮಲಯ್, ಇಂಗ್ಲಿಷ್ ಎರಡನ್ನೂ ಕಲೆಸಿ ಕ್ಷೇಮ ಕೇಳಿದರು. ಗುತ್ತಿಗೆ ಕೆಲಸವನ್ನೆಲ್ಲ ಮಗನಿಗೆ ಬಿಟ್ಟಿದ್ದಾರಂತೆ, ಇದೊಂದನ್ನು ಬಿಟ್ಟಿಲ್ಲವಂತೆ.

ಅಜ್ಜನ ಮುಂದೆ ಒಂದು ಲೋಟ ಇಟ್ಟರು. ಪಕ್ಕದಲ್ಲಿ, ಸ್ವಲ್ಪ ದೂರಕ್ಕೆ, ಇನ್ನೊಂದು ಚೀಲ ಬಿಚ್ಚಿ ಇನ್ನೊಂದು ಲೋಟ ತುಂಬಿಸಿ ಇಟ್ಟರು. ಇದು ಯಾರಿಗೆ ಅಂತ ಕೇಳಿದೆ.

“ಅಂಕಲ್‌ಗೆ” ಅಂದರು ಟೌಕೆ. “ಇದಕ್ಕೆ ಸಕ್ಕರೆ ಹಾಕಿಸಿಲ್ಲ. ಅವರಿಗೆ ಶುಗರ್ ಇತ್ತಲ್ಲ, ಮಗಳು ಬೈತಾರೆ.”

ಇವರು ಹಿಂದಿನಿಂದ ನನ್ನ ಭುಜ ಹಿಡಿದುಕೊಂಡರು.

“ಟೌಕೆ, ಇನ್ನಾದರೂ ಅವರಿಗೆ ಸಕ್ಕರೆ ಹಾಕಿ ಕೊಡಿ” ಅಂದೆ. “ಇನ್ನೇನಾಗಬೇಕಾಗಿದೆ ಅವರಿಗೆ?”

ಟೌಕೆ ರಸ್ತೆ ದಾಟಿ ಸಕ್ಕರೆ ತರಲು ಹೋದರು.